ಖಣಿ ಮುಚ್ಚಿದ ಮೇಲೆ ಮೊದಲು ಹುಲ್ಲು

ಕಲ್ಲು ತೆಗೆದು ಮುಗಿದ ಖಣಿಗೆ, ಗರಸು ಎತ್ತಿ ಬಿಟ್ಟ ಗುಂಡಿಗೆ ಮೊದಲ ವರ್ಷವೇ ಗಿಡ ನೆಡಬೇಡಿ. ಬೇವು, ಹೊಂಗೆ, ಬನ್ನಿ, ಹುಣಸೆ ಎಲ್ಲವೂ ಬೇಕು, ಆದರೆ ಅವುಗಳ ಸರದಿ ಆಮೇಲೆ. ಜೂನ್ 5ರ ಪರಿಸರ ದಿನಕ್ಕೆ ಒಂದೂವರೆ ಅಡಿ ಗುಂಡಿ ತೋಡಿ, ಫೋಟೊ ತೆಗೆಸಿಕೊಂಡು ನೆಟ್ಟ ಸಸಿಗಳು ಶಿವರಾತ್ರಿಯ ಹೊತ್ತಿಗೆ ಬರೀ ಕಡ್ಡಿಯಾಗಿ ನಿಂತಿರುವ ನೋಟ ಯಾವ ಊರಿಗೂ ಹೊಸದಲ್ಲ. ನೀರು ಹಾಕಲಿಲ್ಲ ಎಂದು ಪಂಚಾಯಿತಿಯವರನ್ನು ಬೈಯುವುದೂ ಹೊಸದಲ್ಲ. ಆದರೆ ಅಲ್ಲಿ ಇಲ್ಲದಿರುವುದು ನೀರೊಂದೇ ಅಲ್ಲ, ಮಣ್ಣೇ ಇಲ್ಲ. ಒಡೆದ ಕಲ್ಲು, ಗರಸು, ಕ್ರಷರ್ ಪುಡಿ ಇಷ್ಟರ ಮೇಲೆ ಮಳೆ ಬಿದ್ದರೆ ಇಳಿಯುವುದಕ್ಕಿಂತ ಹರಿದು ಹೋಗುವುದೇ ಹೆಚ್ಚು. ಮಾರ್ಚ್–ಏಪ್ರಿಲ್ ಬಿಸಿಲಿಗೆ ಬರಿಗಾಲು ಇಡಲಾಗದಷ್ಟು ಕಾಯುವ ಆ ನೆಲದಲ್ಲಿ ಎಳೆ ಬೇರು ಬದುಕುವುದಿಲ್ಲ. ನೆಲಕ್ಕೆ ಅಂಟಿಕೊಂಡು ಹಬ್ಬುವ ಹುಲ್ಲು ಮತ್ತು ಬಳ್ಳಿ ಮೂರು ಕೆಲಸ ಮಾಡುತ್ತವೆ: ಮಳೆಹನಿಯ ಪೆಟ್ಟು ತಡೆಯುತ್ತವೆ, ನೆರಳು ಕೊಟ್ಟು ನೆಲ ತಣ್ಣಗಿಡುತ್ತವೆ, ವರ್ಷ ವರ್ಷ ಸತ್ತ ಬೇರನ್ನು ಒಳಗೆ ಬಿಟ್ಟು ಮಣ್ಣು ಕಟ್ಟುತ್ತವೆ.

ಇದು ಬರೀ ಸಲಹೆಯಾಗಿ ಉಳಿದಿಲ್ಲ. 2020ರ ಜನವರಿ 8ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಗಣಿಗಾರಿಕೆ ಮುಗಿದ ಮೇಲೆ ಗುತ್ತಿಗೆದಾರ ಆ ಜಾಗಕ್ಕೆ, ಗಣಿಗಾರಿಕೆಯಿಂದ ಹಾಳಾದ ಅಕ್ಕಪಕ್ಕದ ಜಾಗಕ್ಕೂ ಮತ್ತೆ ಹುಲ್ಲು ಬೆಳೆಸಬೇಕು, ಮೇವು ಮತ್ತು ಸಸ್ಯ–ಪ್ರಾಣಿಗಳಿಗೆ ಯೋಗ್ಯವಾದ ಸ್ಥಿತಿಗೆ ತರಬೇಕು ಎಂಬ ಷರತ್ತನ್ನು ಗುತ್ತಿಗೆಯಲ್ಲಿ, ಗಣಿ ಯೋಜನೆಯಲ್ಲಿ, ಪರಿಸರ ಅನುಮತಿಯಲ್ಲಿ ಸೇರಿಸಬೇಕೆಂದು ಅದರ ತಾತ್ಪರ್ಯ. ಅದೇ ತಿಂಗಳ 16ರಂದು ಕೇಂದ್ರ ಪರಿಸರ ಸಚಿವಾಲಯ ಈ ಬಗ್ಗೆ ಸೂಚನೆ ಹೊರಡಿಸಿತು. ನ್ಯಾಯಾಲಯ ಕೇಳಿದ್ದು ದನಕ್ಕೆ ಮೇವಾಗುವ ಹುಲ್ಲನ್ನು ಎಂಬುದನ್ನು ಗಮನಿಸಿ. ಅದಕ್ಕೂ ಮೊದಲು, 2012ರ ಫೆಬ್ರುವರಿ 27ರ ದೀಪಕ್ ಕುಮಾರ್ ಪ್ರಕರಣದ ಆದೇಶದಿಂದ, ಐದು ಹೆಕ್ಟೇರಿಗಿಂತ ಚಿಕ್ಕ ಕಲ್ಲು–ಮರಳು ಗುತ್ತಿಗೆಗಳಿಗೂ ಪರಿಸರ ಅನುಮತಿ ಕಡ್ಡಾಯವಾಗಿದೆ. ಎರಡನ್ನೂ ಸೇರಿಸಿ ಓದಿದರೆ ನಿಮ್ಮೂರ ಬದಿಯ ಸಣ್ಣ ಖಣಿಯವರನ್ನೂ ಹುಲ್ಲಿನ ಲೆಕ್ಕ ಕೇಳಬಹುದು. ಪರಿವೇಶ್ ಜಾಲತಾಣದಲ್ಲಿ ಅನುಮತಿ ಪತ್ರ ಹುಡುಕಿ ಷರತ್ತುಗಳನ್ನು ಓದಿಕೊಂಡು ಹೋದರೆ ಗ್ರಾಮಸಭೆಯಲ್ಲಿ ಮಾತಿಗೆ ತೂಕ ಬರುತ್ತದೆ.

ಕಾಲಡಿ ಏನಿದೆ?

ಬೆಳಗಾವಿ ಜಿಲ್ಲೆಯ ನೇಸರಗಿಯನ್ನು ನಡುವಿಟ್ಟುಕೊಂಡು ಯಾವ ದಿಕ್ಕಿಗೆ ಹೊರಟರೂ ಒಂದೆರಡು ತಾಸಿನಲ್ಲಿ ನೆಲ ಬದಲಾಗುತ್ತದೆ. ಬೈಲಹೊಂಗಲದ ಸುತ್ತ ಎರಿ ಭೂಮಿ. ಕಿತ್ತೂರಿನ ಕಡೆ ಮಲೆನಾಡಿನ ಸೆರಗು, ಅಲ್ಲಿ ಮಳೆ ಹೆಚ್ಚು, ಕೆಂಪು ನೆಲ ಹೆಚ್ಚು. ಪೂರ್ವಕ್ಕೆ ಸವದತ್ತಿ, ರಾಮದುರ್ಗದ ಕಡೆ ಮರಳುಗಲ್ಲಿನ ಗುಡ್ಡಗಳು ಶುರುವಾಗುತ್ತವೆ. ಯಲ್ಲಮ್ಮನ ಗುಡ್ಡವೂ ಆ ಸಾಲಿನದೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಬಗ್ಗೆ ಬರೆದ ಗ್ರಂಥದಿಂದ ಈ ಮರಳುಗಲ್ಲು, ಸುಣ್ಣಗಲ್ಲು, ಜೇಡಿಗಲ್ಲುಗಳ ಸಮೂಹಕ್ಕೆ ಕಲಾದಗಿ ಎಂಬ ಹೆಸರು ನಿಂತಿದೆ. ಮಳೆಯೂ ಹಾಗೇ: ಕೃಷಿ ವಲಯಗಳ ಹಂಚಿಕೆಯಲ್ಲಿ ಬೈಲಹೊಂಗಲ ಉತ್ತರ ಸಂಕ್ರಮಣ ವಲಯಕ್ಕೆ ಸೇರಿದರೆ, ಸವದತ್ತಿ ಮತ್ತು ರಾಮದುರ್ಗ ಉತ್ತರ ಒಣ ವಲಯಕ್ಕೆ ಸೇರುತ್ತವೆ. ಆದ್ದರಿಂದ ‘ಖಣಿಗೆ ಯಾವ ಹುಲ್ಲು ಒಳ್ಳೇದು’ ಎಂಬ ಪ್ರಶ್ನೆಗೆ ನಾಲ್ಕೂ ತಾಲ್ಲೂಕಿಗೆ ಒಂದೇ ಉತ್ತರ ಇಲ್ಲ.

ಪ್ರಯೋಗಾಲಯಕ್ಕೆ ಹೋಗುವ ಮೊದಲು ನೀವೇ ಮಾಡಿ ನೋಡಬಹುದಾದ ಎರಡು ಪರೀಕ್ಷೆಗಳಿವೆ. ಮೊಳಕೈ ಆಳದ ಕುಣಿ ತೋಡಿ ಒಂದು ಕೊಡ ನೀರು ಸುರಿಯಿರಿ. ನೋಡನೋಡುತ್ತಲೇ ಇಂಗಿ ಹೋದರೆ ಅದು ನೀರು ಹಿಡಿಯದ ಗರಸು; ಮರುದಿನ ಬೆಳಗ್ಗೆಯೂ ನಿಂತಿದ್ದರೆ ಲಾರಿ, ಜೆಸಿಬಿ ಓಡಾಡಿ ತುಳಿದು ಗಟ್ಟಿಯಾದ ನೆಲ ಅಥವಾ ಅಂಟು ಎರಿ. ಎರಡನೆಯದು, ಒಂದು ಹಿಡಿ ಪುಡಿಗೆ ವಿನೆಗರ್ ಹಾಕುವುದು. ಚುರ್ ಎಂದು ನೊರೆ ಬಂದರೆ ಸುಣ್ಣದ ಅಂಶವಿದೆ ಎಂದರ್ಥ. ರಾಮದುರ್ಗದ ಸುಣ್ಣಗಲ್ಲಿನ ಖಣಿಗಳಲ್ಲಿ ನೊರೆ ಬರುತ್ತದೆ, ಸವದತ್ತಿಯ ಅಚ್ಚ ಮರಳುಗಲ್ಲಿನಲ್ಲಿ ಬರುವುದಿಲ್ಲ. ಇಷ್ಟು ತಿಳಿದ ಮೇಲೆ ಮಣ್ಣಿನ ಮಾದರಿಯನ್ನು ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದಲ್ಲಿರುವ ಕೆಎಲ್‌ಇ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ರಸಸಾರ, ರಂಜಕ, ಸಾವಯವ ಇಂಗಾಲ ಎಷ್ಟಿದೆ ಎಂದು ಕೇಳಿ. ಹೊಲದ ಮಣ್ಣಿನ ಹಾಗೆ ಒಂದೇ ಮಾದರಿ ಸಾಲದು. ಖಣಿಯಲ್ಲಿ ಹತ್ತು ಹೆಜ್ಜೆಗೊಮ್ಮೆ ನೆಲ ಬೇರೆಯಾಗಿರುತ್ತದೆ: ತಳದಲ್ಲಿ ಬಂಡೆ, ಬದಿಯಲ್ಲಿ ಪುಡಿಗುಡ್ಡ, ಅಂಚಿನಲ್ಲಿ ಮೊದಲು ಸರಿಸಿಟ್ಟ ಮೇಲ್ಮಣ್ಣು. ಮೂರಕ್ಕೂ ಬೇರೆ ಬೇರೆ ಚೀಲ ತುಂಬಿರಿ.

ಹಳೇ ಖಣಿಯೇ ಗುರು

ಸಸ್ಯಗಳ ಪಟ್ಟಿ ತೆಗೆದುಕೊಂಡು ಅಂಗಡಿಗೆ ಹೋಗುವ ಮೊದಲು ಮಾಡಬೇಕಾದ ಕೆಲಸವೊಂದಿದೆ, ಇದಕ್ಕೆ ದುಡ್ಡು ಬೇಕಿಲ್ಲ. ನಿಮ್ಮ ಸೀಮೆಯಲ್ಲೇ ಹತ್ತಿಪ್ಪತ್ತು ವರ್ಷದ ಹಿಂದೆ ಬಿಟ್ಟುಹೋದ ಖಣಿ, ಗರಸಿನ ಗುಂಡಿ ಹುಡುಕಿ. ಸೆಪ್ಟೆಂಬರ್ ಕೊನೆಗೆ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಅಲ್ಲಿಗೆ ಹೋಗಿ. ಮಳೆಗಾಲದ ಕೊನೆಗೆ ಎಲ್ಲವೂ ಹಸಿರಾಗಿಯೇ ಕಾಣುತ್ತದೆ, ಅದನ್ನು ನೋಡಿ ಮೋಸ ಹೋಗಬಾರದು. ಮಾರ್ಚ್‌ನಲ್ಲಿ ಒಣಗಿದರೂ ಬುಡ ಹಿಡಿದು ನಿಂತಿದ್ದು ಯಾವುದು, ಯಾವುದರ ಬುಡದಲ್ಲಿ ಸಣ್ಣಮಣ್ಣು ಕೂಡಿಕೊಂಡಿದೆ, ಯಾವುದನ್ನು ಮೇಕೆ ಮುಟ್ಟಿಲ್ಲ ಎಂದು ಗುರುತು ಹಾಕಿಕೊಳ್ಳಿ.

ಹಾಗೆ ಹೋದವರಿಗೆ ಸಾಮಾನ್ಯವಾಗಿ ಸಿಗುವವರು ಇವರು. ಬಟ್ಟೆಗೆ, ಕುರಿಯ ಉಣ್ಣೆಗೆ ಚುಚ್ಚಿಕೊಳ್ಳುವ ಈಟಿಯಂಥ ಬೀಜದ ಹುಲ್ಲು, ಸಸ್ಯಶಾಸ್ತ್ರದಲ್ಲಿ ಹೆಟೆರೊಪೋಗಾನ್. ಪೊರಕೆ ಕಟ್ಟುವ ಹಂಚಿಕಡ್ಡಿ. ಅಂಚಿನಲ್ಲಿ ಹಳದಿ ಹೂವಿನ ತಂಗಡಿ, ಅಂದರೆ ಆವರಿಕೆ. ಕಲ್ಲುಸಂದಿಯಲ್ಲಿ ಬಂದರಿಕೆ. ನೇರಳೆ ಬಣ್ಣದ ಸಣ್ಣ ಹೂವು ಬಿಟ್ಟು ನೆಲಕ್ಕೆ ಹತ್ತಿರವೇ ಹರಡುವ ಕೊಗ್ಗಿ. ಇವು ಯಾರೂ ನೆಡದೆ ಬಂದು ಬದುಕಿದವು, ಪರೀಕ್ಷೆ ಮುಗಿಸಿಯೇ ನಿಂತಿವೆ. ಅಂಗಡಿಯ ಬೀಜಕ್ಕಿಂತ ಇವುಗಳ ಬೀಜವನ್ನು ಡಿಸೆಂಬರ್–ಜನವರಿಯಲ್ಲಿ ಚೀಲ ಹಿಡಿದು ಆರಿಸಿಟ್ಟುಕೊಳ್ಳುವುದು ನನ್ನ ಪ್ರಕಾರ ಮೊದಲ ಆಯ್ಕೆ. ಊರಿನ ಹೆಣ್ಣುಮಕ್ಕಳಿಗೆ ಆ ತಿಂಗಳುಗಳಲ್ಲಿ ಕೂಲಿಯೂ ಆದೀತು.

ಸೀಮೆ ದಾಟಿಯೂ ಒಂದು ಮಾತು ಹೇಳಬೇಕು. ದೇಶದ ಹುಲ್ಲುಗಾವಲುಗಳನ್ನು ಸಮೀಕ್ಷೆ ಮಾಡಿ ದಬಡ್‌ಘಾವ್ ಮತ್ತು ಶಂಕರನಾರಾಯಣ್ 1973ರಲ್ಲಿ ಐದು ಬಗೆಯಾಗಿ ವಿಂಗಡಿಸಿದರು. ಅದರಲ್ಲಿ ದಖ್ಖನದ ಈ ಭಾಗ ಸೆಹಿಮಾ–ಡೈಕಾಂಥಿಯಂ ಬಗೆಗೆ ಸೇರುತ್ತದೆ. ಡೈಕಾಂಥಿಯಂ ಎಂದರೆ ನಾವು ಮಾರ್ವೆಲ್ ಹುಲ್ಲು ಎನ್ನುವುದು. ಎರಿ ನೆಲದ ಬದುವಿನ ಮೇಲೆ, ಹಳ್ಳದ ದಂಡೆಯಲ್ಲಿ ತಾನಾಗಿಯೇ ಬೆಳೆಯುವ, ದನ ಆಸೆಯಿಂದ ತಿನ್ನುವ ಹುಲ್ಲು ಅದು. ನಮ್ಮ ಮಡ್ಡಿಗಳಿಗೆ ಹುಲ್ಲಿನ ಹೊದಿಕೆ ಹೊಸದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕೊರತೆ ಇರುವುದು ಸಾರಜನಕದ್ದು

ಇಂಗ್ಲೆಂಡಿನ ಆಂಟನಿ ಬ್ರಾಡ್‌ಶಾ ಎಂಬ ವಿಜ್ಞಾನಿ ಗಣಿತ್ಯಾಜ್ಯದ ಗುಡ್ಡಗಳ ಮೇಲೆ ಸಸ್ಯ ಬೆಳೆಸುವ ವಿದ್ಯೆಗೆ ಬುನಾದಿ ಹಾಕಿದವರು. ಕಾರ್ನ್‌ವಾಲ್‌ನ ಚೀನಿ ಜೇಡಿಮಣ್ಣಿನ ಗಣಿಗಳಲ್ಲಿ ಅವರೂ ಜೊತೆಗಾರರೂ ಕಂಡುಕೊಂಡದ್ದು ಸರಳವಾದ ಸಂಗತಿ: ಒಡೆದ ಕಲ್ಲಿನಲ್ಲಿ ಸಾರಜನಕ ಇಲ್ಲವೇ ಇಲ್ಲ ಎನ್ನಬೇಕು. ಸಸ್ಯಸಮೂಹ ತನ್ನ ಕಾಲ ಮೇಲೆ ತಾನು ನಿಲ್ಲಬೇಕಾದರೆ ನೆಲದಲ್ಲಿ ಹೆಕ್ಟೇರಿಗೆ ಸುಮಾರು ಸಾವಿರ ಕಿಲೊದಷ್ಟು ಸಾರಜನಕ ಕೂಡಿರಬೇಕು. ಇದನ್ನು ಯೂರಿಯಾ ಚೀಲದಿಂದ ತುಂಬಲು ಹೋದವರು ಕೈ ಸುಟ್ಟುಕೊಂಡಿದ್ದಾರೆ. ಸಾವಯವ ಅಂಶವಿಲ್ಲದ ಗರಸಿನಲ್ಲಿ ಯೂರಿಯಾ ಮೊದಲ ದೊಡ್ಡ ಮಳೆಗೆ ಕೆಳಗಿಳಿದು ಹೋಗುತ್ತದೆ. ಹುಲ್ಲು ಒಂದು ವರ್ಷ ಕಡುಹಸಿರಾಗಿ ಎದ್ದು, ಮರುವರ್ಷ ಹಳದಿಯಾಗಿ ಬೀಳುತ್ತದೆ. ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿಯುವ ದ್ವಿದಳ ಸಸ್ಯಗಳು ಚೆನ್ನಾಗಿ ಬೆಳೆದ ಕಡೆ ಮಾತ್ರ ಈ ಲೆಕ್ಕ ವರ್ಷ ವರ್ಷ ಏರುತ್ತ ಹೋಗುತ್ತದೆ. ಆದ್ದರಿಂದ ಬರೀ ಹುಲ್ಲು ಬಿತ್ತುವುದು ಅರ್ಧ ಕೆಲಸ. ಹುಲ್ಲು ಮಣ್ಣು ಹಿಡಿಯುತ್ತದೆ, ದ್ವಿದಳ ಅದಕ್ಕೆ ಊಟ ಹಾಕುತ್ತದೆ.

ನಮ್ಮ ಸೀಮೆಗೆ ಹೊಂದುವ ದ್ವಿದಳಗಳಲ್ಲಿ ತಕ್ಷಣಕ್ಕೆ ಒದಗುವುದು ಹುರಳಿ ಮತ್ತು ಮಡಕಿ. ಮಡಕಿಯಂತೂ ಚಾಪೆಯಂತೆ ನೆಲಕ್ಕಂಟಿ ಹರಡುತ್ತದೆ, ಬರ ತಡೆಯುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ಹುರಳಿಯನ್ನು ರೈತರು ಹಿಂಗಾರಿಗೆ ಹತ್ತಿರ ಬಿತ್ತುತ್ತಾರೆ. ಮುಂಗಾರಿಗೇ ಬಿತ್ತಿದರೆ ಕಾಳು ಕಡಿಮೆ, ಬಳ್ಳಿ ಹೆಚ್ಚು. ಹೊಲದಲ್ಲಿ ಇದು ದೋಷ, ಖಣಿಯಲ್ಲಿ ಇದೇ ಬೇಕು. ಎರಡೂ ಒಂದೇ ಹಂಗಾಮಿನ ಗಿರಾಕಿಗಳು. ಬಹುವಾರ್ಷಿಕ ಸಸ್ಯ ಮೇಲೇಳುವ ತನಕ ನೆಲ ಕಾಯುವುದು ಇವುಗಳ ಕೆಲಸ. ಸೆಣಬನ್ನೂ ಇದೇ ಕೆಲಸಕ್ಕೆ ಬಳಸಬಹುದು, ಹೂವು ಬರುವ ಹೊತ್ತಿಗೆ ಕೊಯ್ದು ಅಲ್ಲೇ ಹರಡಿದರೆ ಒಳ್ಳೆಯ ಹೊದಿಕೆ. ಆದರೆ ದಟ್ಟವಾಗಿ ಬಿತ್ತಿದರೆ ಎತ್ತರಕ್ಕೆ ಹೋಗಿ ಕೆಳಗಿನ ಹುಲ್ಲಿನ ಸಸಿಯನ್ನು ಕತ್ತಲಲ್ಲಿಟ್ಟು ಕೊಲ್ಲುತ್ತದೆ.

ಬಹುವಾರ್ಷಿಕಗಳಲ್ಲಿ ಸ್ಟೈಲೊ ಹೆಸರು ಎಲ್ಲರ ಬಾಯಲ್ಲೂ ಇದೆ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಈ ಸಸ್ಯ ಬಡ ಗರಸಿನಲ್ಲೂ ಬದುಕುತ್ತದೆ, ಒಳ್ಳೆಯ ಮೇವು, ಬೀಜ ಉದುರಿಸಿ ತಾನೇ ಹಬ್ಬುತ್ತದೆ. ಇದರ ಬೀಜೋತ್ಪಾದನೆಗೆ ಪಕ್ಕದ ರಾಜ್ಯದ ಅನಂತಪುರ ಜಿಲ್ಲೆ ಹೆಸರಾಗಿದೆ. ಕೆಂಪು ಗರಸು, ಮರಳುಗಲ್ಲಿನ ನೆಲ, ಕಿತ್ತೂರು ಕಡೆಯ ಕೆಂಪು ಮಣ್ಣು ಇದಕ್ಕೆ ಸರಿ. ನೀರು ನಿಲ್ಲುವ ಅಂಟು ಎರಿಯಲ್ಲಿ ಇದನ್ನು ನಂಬಬೇಡಿ. ಚಿಬ್ಬು ರೋಗದ ಕಾಟವೂ ಉಂಟು, ಹಾಗಾಗಿ ಇದೊಂದನ್ನೇ ಬಿತ್ತಿ ಕೂರುವುದು ಜಾಣತನವಲ್ಲ. ಎರಿಗೆ, ಸುಣ್ಣದ ನೆಲಕ್ಕೆ ಶಂಖಪುಷ್ಪ ವಾಸಿ. ನಾವು ಬೇಲಿಯ ಮೇಲಿನ ನೀಲಿ ಹೂವು ಎಂದಷ್ಟೇ ನೋಡುವ ಈ ಬಳ್ಳಿ ಒಳ್ಳೆಯ ಮೇವಿನ ಬೆಳೆಯೂ ಹೌದು. ಇನ್ನು ಕೊಗ್ಗಿ. ದನ ಅದನ್ನು ಹೆಚ್ಚು ತಿನ್ನುವುದಿಲ್ಲ ಎಂಬ ಕಾರಣಕ್ಕೆ ಮೇವಿನ ಪಟ್ಟಿಗಳಲ್ಲಿ ಕಾಣುವುದಿಲ್ಲ. ಕಾವಲಿಲ್ಲದ ಖಣಿಗೆ ಅದೇ ಅದರ ಗುಣ.

ಹುಲ್ಲುಗಳ ಮಾತು

ಒಣ ವಲಯಕ್ಕೆ ನನ್ನ ಮೊದಲ ಮತ ಅಂಜನ ಹುಲ್ಲಿಗೆ. ಬುಡ ದೊಡ್ಡದಾಗಿ ಕಟ್ಟುತ್ತದೆ, ಬೇರು ಆಳಕ್ಕೆ ಹೋಗುತ್ತದೆ, ಸುಣ್ಣದ ನೆಲವನ್ನೂ ಸಹಿಸುತ್ತದೆ. ನೀರು ನಿಂತರೆ ಮಾತ್ರ ಆಗದು. ಆಸ್ಟ್ರೇಲಿಯಾದಲ್ಲಿ, ಅಮೆರಿಕದ ಅರಿಜೋನಾದಲ್ಲಿ ಇದೇ ಹುಲ್ಲು ಮರುಭೂಮಿಯ ಮೂಲ ಸಸ್ಯಗಳನ್ನು ತುಳಿದು, ಬೆಂಕಿಗೆ ಕಾರಣವಾಗಿ ಪೀಡೆ ಎನಿಸಿಕೊಂಡಿದೆ. ನಮ್ಮಲ್ಲಿ ಅದು ಸ್ಥಳೀಯ, ಆ ಭಯ ಬೇಡ. ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ಖಣಿಯ ಸುತ್ತ ಒಂದು ಮಾರು ಪಟ್ಟಿ ಕೆರೆದಿಡುವುದು ಮಾತ್ರ ಬೇಕು.

ಕರಿಕಿಯ ಕಥೆ ಬೇರೆ. ಎರಿ ಹೊಲದಲ್ಲಿ ಕರಿಕಿ ಹೊಕ್ಕರೆ ರೈತನ ನಿದ್ದೆ ಹೋಗುತ್ತದೆ. ಅಗೆದು, ಆರಿಸಿ, ಒಣಗಿಸಿ ಸುಟ್ಟರೂ ಒಂದು ಗೆಣ್ಣು ಉಳಿದರೆ ಮತ್ತೆ ಹಬ್ಬುತ್ತದೆ. ಅದೇ ಹಟ ಖಣಿಯ ಇಳಿಜಾರಿಗೆ ಬೇಕಾದದ್ದು. ಹೊಲದಿಂದ ಕಿತ್ತ ಕರಿಕಿಯನ್ನು ಸುಡುವ ಬದಲು ಟ್ರ್ಯಾಕ್ಟರಿನಲ್ಲಿ ತಂದು, ತುಂಡರಿಸಿ, ಮಳೆ ಹಿಡಿದ ದಿನ ತೆಳ್ಳಗೆ ಮಣ್ಣು ಮುಚ್ಚಿದರೆ ಆಯಿತು. ಆದರೆ ಖಣಿಯ ಬದಿಗೇ ಬೇರೆಯವರ ಎರಿ ಹೊಲವಿದ್ದರೆ ಈ ಉಪಾಯ ಬೇಡ, ಜಗಳಕ್ಕೆ ದಾರಿ.

ಲಾವಂಚದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣು ಸವಕಳಿಗೆ ಲಾವಂಚದ ಬೇಲಿ ಎಂದು ಜಗತ್ತಿಗೆ ಸಾರಿದಾಗ ಅವರಿಗೆ ಜೀವಂತ ಸಾಕ್ಷಿಯಾಗಿ ಸಿಕ್ಕದ್ದು ನಮ್ಮದೇ ಗುಂಡ್ಲುಪೇಟೆ. ಅಲ್ಲಿನ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚದ ಸಾಲು ಬೆಳೆಸಿಕೊಂಡು ಬಂದಿದ್ದರು. ಇದರ ಬೇರು ಬದಿಗೆ ಹರಡದೆ ನೇರ ಕೆಳಗೆ ಎರಡು ಮೂರು ಮೀಟರ್ ಇಳಿಯುತ್ತದೆ. ದಕ್ಷಿಣ ಭಾರತದ ತಳಿ ಮೊಳೆಯುವ ಬೀಜ ಕಟ್ಟುವುದಿಲ್ಲ, ಹಾಗಾಗಿ ಹೊಲಕ್ಕೆ ಹೊಕ್ಕು ಕಳೆಯಾಗದು. ಹುಳಿ ನೆಲ, ಕ್ಷಾರ ನೆಲ, ಲೋಹಗಳ ವಿಷ ಎಲ್ಲವನ್ನೂ ತಡೆದುಕೊಳ್ಳುವುದರಿಂದ ಗಣಿತ್ಯಾಜ್ಯಕ್ಕೆ ಹಲವು ದೇಶಗಳಲ್ಲಿ ಇದನ್ನೇ ನೆಡುತ್ತಾರೆ. ಆದರೆ ಲಾವಂಚ ನೆಲ ಮುಚ್ಚುವ ಸಸ್ಯವಲ್ಲ, ಒಡ್ಡು. ಇಡೀ ಎಕರೆಗೆ ನೆಡುವುದು ದುಡ್ಡಿನ ದಂಡ. ಪುಡಿಗುಡ್ಡದ ಇಳಿಜಾರಿಗೆ ಅಡ್ಡಲಾಗಿ, ಎತ್ತರದಲ್ಲಿ ಒಂದೂವರೆ ಎರಡು ಮೀಟರಿಗೊಂದು ಸಾಲಿನಂತೆ, ಎರಡು ಮೂರು ಕವಲಿನ ಬುಡಗಳನ್ನು ನಾಲ್ಕೈದು ಇಂಚಿಗೊಂದರಂತೆ ಒತ್ತೊತ್ತಾಗಿ ನೆಡಿ. ನಡುವೆ ಸಂದು ಬಿದ್ದರೆ ಅಲ್ಲಿಂದಲೇ ಕೊರಕಲು ಶುರು, ಆದ್ದರಿಂದ ಸತ್ತ ಬುಡದ ಜಾಗಕ್ಕೆ ಅದೇ ಮಳೆಗಾಲದಲ್ಲಿ ಮತ್ತೊಂದು ಇಡಬೇಕು. ಸಾಲಿನ ಮಧ್ಯದ ಜಾಗವನ್ನು ಅಂಜನ, ಸ್ಟೈಲೊ ತುಂಬಲಿ.

ಎರಿಯ ಮಣ್ಣು ಸುರಿದ ಗುಡ್ಡೆಗಳಿಗೆ ಮಾರ್ವೆಲ್ ಹುಲ್ಲು. ಇದರ ಬೇರುಬುಡವನ್ನೇ ಹಳ್ಳದ ದಂಡೆಯಿಂದ ಕಿತ್ತು ತಂದು ನೆಟ್ಟರೆ ಬೀಜಕ್ಕಿಂತ ಬೇಗ ಹಿಡಿಯುತ್ತದೆ. ಹೈಬ್ರಿಡ್ ನೇಪಿಯರ್, ಗಿನಿ ಹುಲ್ಲುಗಳ ಆಸೆ ಇಲ್ಲಿ ಬೇಡ. ಅವು ನೀರು ಗೊಬ್ಬರ ಇದ್ದ ತೋಟದ ಹುಲ್ಲುಗಳು.

ಬಿತ್ತುವ ಮುನ್ನ

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಅದಿರು ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತು ಅಲ್ಲಿನ ಗುತ್ತಿಗೆಗಳಿಗೆ ಒಂದೊಂದಾಗಿ ಪುನರುಜ್ಜೀವನ ಯೋಜನೆ ತಯಾರಿಸಿತು. ಸಂಡೂರಿನ ಗುಡ್ಡಗಳಲ್ಲಿ ಬೀಜಕ್ಕಿಂತ ಮೊದಲು ಬಂದದ್ದು ಬುಡದ ತಡೆಗೋಡೆ, ಸುತ್ತಗಾಲುವೆ, ಕೊರಕಲಿಗೆ ಕಲ್ಲಿನ ಅಡ್ಡಗಟ್ಟೆ, ಇಳಿಜಾರಿಗೆ ತೆಂಗಿನ ನಾರಿನ ಜಾಲರಿ. ಕ್ರಮ ಸರಿಯಾದದ್ದೇ. ತ್ಯಾಜ್ಯದ ಗುಡ್ಡದ ಒಟ್ಟು ಇಳಿಜಾರು 28 ಡಿಗ್ರಿ ಮೀರಬಾರದು ಎಂಬ ಷರತ್ತು ಅನುಮತಿ ಪತ್ರಗಳಲ್ಲಿ ಸಾಮಾನ್ಯ. ಕೈಲೆಕ್ಕಕ್ಕೆ ಒಂದು ಅಡಿ ಎತ್ತರಕ್ಕೆ ಎರಡು ಅಡಿ ಅಗಲ ಎಂದಿಟ್ಟುಕೊಳ್ಳಿ. ಅದಕ್ಕಿಂತ ಕಡಿದಾದ ಕಡೆ ಯಾವ ಬೀಜವೂ ನಿಲ್ಲದು. ಕುದುರೆಮುಖದ ಗಣಿಯಲ್ಲಿ ಹಸಿರು ಬೆಳೆಸಿದರಲ್ಲ ಎಂದು ಯಾರಾದರೂ ಹೇಳಿದರೆ ಅಲ್ಲಿನ ಮಳೆಯ ಲೆಕ್ಕ ಕೇಳಿ; ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರ್ ಸುರಿಯುವ ಊರಿನ ಪಾಠ ರಾಮದುರ್ಗಕ್ಕೆ ಬಾರದು.

ತುಳಿದು ಗಟ್ಟಿಯಾದ ತಳವನ್ನು ಇಳಿಜಾರಿಗೆ ಅಡ್ಡಲಾಗಿ ಒಂದೂವರೆ ಎರಡು ಅಡಿ ಆಳ ಸೀಳಬೇಕು. ಮೇಲ್ಮಣ್ಣು ಎತ್ತಿಟ್ಟಿದ್ದರೆ ಅದೇ ಬಂಗಾರ. ಆದರೆ ಆಳುದ್ದ ಮೀರಿದ ರಾಶಿಯಲ್ಲಿ ವರ್ಷಗಟ್ಟಲೆ ಬಿದ್ದ ಮಣ್ಣಿನಲ್ಲಿ ಬೀಜಗಳೂ ಸೂಕ್ಷ್ಮಜೀವಿಗಳೂ ಸತ್ತಿರುತ್ತವೆ, ತೆಗೆದಷ್ಟೂ ಬೇಗ ಹರಡಬೇಕು. ಕ್ರಷರ್ ಪುಡಿ ನೆನೆದು ಒಣಗಿದರೆ ಹೆಪ್ಪುಗಟ್ಟಿ ಮೊಳಕೆಗೆ ದಾರಿ ಬಿಡುವುದಿಲ್ಲ. ಅದಕ್ಕೆ ತಿಪ್ಪೆಗೊಬ್ಬರ ಅಥವಾ ಸಕ್ಕರೆ ಕಾರ್ಖಾನೆಯ ಹಳೇ ಪ್ರೆಸ್‌ಮಡ್ ಬೆರೆಸಿ. ಬೆಳಗಾವಿ ಜಿಲ್ಲೆಯಲ್ಲಿ ಇವಕ್ಕೆ ಕೊರತೆ ಇಲ್ಲ, ಕಬ್ಬಿನ ರವದಿಗೂ ಇಲ್ಲ. ಗದ್ದೆಯಲ್ಲಿ ಸುಡುವ ರವದಿಯನ್ನು ತಂದು ಬಿತ್ತಿದ ನೆಲದ ಮೇಲೆ ಬೆರಳು ಕಾಣುವಷ್ಟು ತೆಳ್ಳಗೆ ಹರಡಿದರೆ ನಾರಿನ ಜಾಲರಿಯ ಖರ್ಚು ಎಷ್ಟೋ ಉಳಿಯುತ್ತದೆ. ರಂಜಕಕ್ಕೆ ಎಕರೆಗೆ ಒಂದು ಚೀಲ ಸೂಪರ್ ಫಾಸ್ಫೇಟ್ ಹಾಕಿ, ದ್ವಿದಳಗಳು ಇದರ ಋಣ ತೀರಿಸುತ್ತವೆ.

ಕುರಿ ಹಿಂಡು ನಿಲ್ಲಿಸಿ ಗೊಬ್ಬರ ಹಾಕಿಸುವುದು ನಮ್ಮಲ್ಲಿ ಹಳೆಯ ಪದ್ಧತಿ, ಖಣಿಗೂ ಒಳ್ಳೆಯದೇ. ಒಂದು ಎಚ್ಚರಿಕೆ: ಬೇಸಿಗೆಯಲ್ಲಿ ಕುರಿ ಮೇಕೆಗಳು ಬಳ್ಳಾರಿ ಜಾಲಿಯ ಕಾಯಿ ತಿಂದು ಬಂದಿರುತ್ತವೆ. ಬೀಜ ಹಿಕ್ಕೆಯಲ್ಲಿ ಹೊರಬಂದು ಸಲೀಸಾಗಿ ಮೊಳೆಯುತ್ತದೆ. ಆ ಹಂಗಾಮಿನಲ್ಲಿ ಹಿಂಡು ನಿಲ್ಲಿಸಿದರೆ ಜಾಲಿ ಬಿತ್ತಿದಂತೆಯೇ. ಜಾಲಿ ಇರಲಿ ಬಿಡಿ, ಅದೂ ಹಸಿರೇ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅದರ ಕೆಳಗೆ ಹುಲ್ಲು ಬಾಳುವುದಿಲ್ಲ, ಬಂದ ಮೇಲೆ ತೆಗೆಯುವ ಖರ್ಚು ಯಾರೂ ಕೊಡುವುದಿಲ್ಲ. ಸುಬಾಬುಲ್, ಆಸ್ಟ್ರೇಲಿಯಾ ಅಕೇಶಿಯಾ, ಲಂಟಾನಾ ಇವಕ್ಕೂ ಇದೇ ಮಾತು. ಕಾಂಗ್ರೆಸ್ ಕಸ ಕರೆಯದೆಯೇ ಬರುತ್ತದೆ, ಹೂಬಿಡುವ ಮೊದಲು ಕಿತ್ತರೆ ಮಾತ್ರ ಪ್ರಯೋಜನ.

ಅಳತೆ, ಬೆರಕೆ, ಹೊತ್ತು

ಕೆಂಪು ಗರಸು, ಮರಳುಗಲ್ಲಿನ ನೆಲಕ್ಕೆ ಎಕರೆಗೆ ಒಂದೂವರೆ ಕಿಲೊ ಅಂಜನ, ಎರಡು ಕಿಲೊ ಸ್ಟೈಲೊ, ಐದು ಕಿಲೊ ಹುರಳಿ, ಜೊತೆಗೆ ನೀವೇ ಆರಿಸಿದ ಕೊಗ್ಗಿ ಬೀಜ ಕಾಲು ಅರ್ಧ ಕಿಲೊ. ಸುಣ್ಣದ ನೆಲದಲ್ಲಿ ಸ್ಟೈಲೊ ಬದಲು ಎರಡು ಮೂರು ಕಿಲೊ ಶಂಖಪುಷ್ಪ. ಎರಿಗೆ ಮಾರ್ವೆಲ್ ಬುಡಗಳು, ನಡುವೆ ಶಂಖಪುಷ್ಪ, ಮೂರು ಕಿಲೊ ಮಡಕಿ. ಕಿತ್ತೂರು ಕಡೆ ಮಳೆ ಹೆಚ್ಚಿರುವುದರಿಂದ ಸ್ಟೈಲೊ ಪಾಲು ಹೆಚ್ಚಿಸಬಹುದು, ಲಾವಂಚದ ಸಾಲುಗಳನ್ನೂ ಹತ್ತಿರ ತರಬೇಕು. ಇವು ಮೊದಲ ವರ್ಷದ ಅಂದಾಜು. ನಿಮ್ಮ ನೆಲ ಏನನ್ನು ಹಿಡಿಯಿತು ಎಂದು ನೋಡಿ ಮರುವರ್ಷ ಬದಲಿಸಿ.

ಸ್ಟೈಲೊ, ಶಂಖಪುಷ್ಪ, ತಂಗಡಿ ಬೀಜಗಳ ಸಿಪ್ಪೆ ಗಟ್ಟಿ, ಹಾಗೇ ಬಿತ್ತಿದರೆ ಬಹುಪಾಲು ಮಲಗಿಯೇ ಇರುತ್ತವೆ. ಸ್ಟೈಲೊ ಬೀಜವನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಕುದಿ ಬರುವ ಮೊದಲೇ ಇಳಿಸಿದ ಸುಮಾರು 80 ಡಿಗ್ರಿಯ ನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು ತೆಗೆದು, ತಣ್ಣೀರಿನಲ್ಲಿ ರಾತ್ರಿ ನೆನೆಸಿ. ಶಂಖಪುಷ್ಪ, ತಂಗಡಿಗಳನ್ನು ಒರಟು ಮರಳಿನೊಂದಿಗೆ ತಿಕ್ಕಿದರೂ ಆಯಿತು. ಆದರೆ ಎಲ್ಲ ಬೀಜಕ್ಕೂ ಈ ಉಪಚಾರ ಮಾಡಬೇಡಿ. ಕಾಲುಭಾಗವನ್ನು ಹಾಗೇ ಬಿತ್ತಿ. ಮಿರಗ ಬಂದು ಆಮೇಲೆ ಮಳೆ ಕೈಕೊಟ್ಟರೆ ಮೊಳೆತದ್ದೆಲ್ಲ ಒಣಗಿದರೂ ಮಲಗಿದ್ದ ಬೀಜ ಹುಬ್ಬಿ, ಉತ್ತರಿ ಮಳೆಗೆ ಎದ್ದೀತು. ಅಂಜನದ ಬೀಜ ನಯವಾದ ಕೂದಲಿನದು, ಗಾಳಿಗೆ ಹಾರುತ್ತದೆ. ಜೇಡಿಮಣ್ಣು, ಸಗಣಿ, ಮರಳು ಕಲಸಿ ಸಣ್ಣ ಉಂಡೆ ಮಾಡಿ ಒಣಗಿಸಿಟ್ಟುಕೊಳ್ಳಿ. ಹುಲ್ಲಿನ ಬೀಜ ಕಾಲು ಅರ್ಧ ಇಂಚಿಗಿಂತ ಆಳ ಹೋಗಬಾರದು. ಕುಂಟಿ ಹೊಡೆಯುವ ಬದಲು ಮುಳ್ಳುಕಂಟಿಯ ಕಟ್ಟೊಂದನ್ನು ಎಳೆದರೆ ಸಾಕು.

ಎರಡು ಮಳೆಗಾಲ ದನ ಕುರಿ ಒಳಗೆ ಬರಬಾರದು. ಇದು ಹೇಳಲು ಸುಲಭ, ನಡೆಸಲು ಕಷ್ಟ, ಏಕೆಂದರೆ ಆ ಮಡ್ಡಿ ಯಾರದೋ ಮೇಕೆಯ ಹೊಟ್ಟೆಪಾಡೂ ಹೌದು. ಅಂಚಿಗೆ ಮೇಕೆ ಮುಟ್ಟದ ತಂಗಡಿ, ಬಂದರಿಕೆ, ಕತ್ತಾಳೆ, ಒಳಗೆ ಮೇವಿನ ಹುಲ್ಲು ಹೀಗೆ ಹಾಕಿ. ಮೊದಲ ಬೇಸಿಗೆಗೆ ಬಿಟ್ಟು, ಎರಡನೇ ವರ್ಷದಿಂದ ಕೊಯ್ದು ಒಯ್ಯಲು ಕುರಿ ಸಾಕುವವರಿಗೇ ಹಕ್ಕು ಕೊಡಿ. ಕಾವಲುಗಾರನ ಸಂಬಳಕ್ಕಿಂತ ಈ ಒಪ್ಪಂದ ಗಟ್ಟಿ. ಖರ್ಚಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ, ಗಣಿಗಾರಿಕೆಯಿಂದ ಬಾಧಿತವಾದ ಊರುಗಳಿಗೆಂದೇ ಕೂಡಿಸುವ ಹಣ ಅದು. ಹುಲ್ಲಿನ ಬೀಜ, ತಳಿಗಳ ಸಲಹೆಗೆ ಧಾರವಾಡದಲ್ಲಿ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ, ಕೃಷಿ ವಿಶ್ವವಿದ್ಯಾಲಯವೂ ಇದೆ. ಏಪ್ರಿಲ್‌ನಲ್ಲೇ ವಿಚಾರಿಸಿ, ಜೂನ್‌ನಲ್ಲಿ ಹೋದರೆ ಖಾಲಿ ಕೈ.

ಖಣಿಯ ನಿಟಾರ ಕಲ್ಲುಗೋಡೆಗೆ ಏನೂ ಮಾಡಬೇಡಿ. ಅದರ ಮೇಲೆ ಬಳ್ಳಿ ಹಬ್ಬಿಸುವುದು ಚಂದಕ್ಕಷ್ಟೇ. ಕೊಂಬಿನ ಗೂಬೆಗಳು ಇಂಥ ಗೋಡೆಯ ಚಾಚುಗಳಲ್ಲೇ ಮೊಟ್ಟೆ ಇಡುತ್ತವೆ, ಇಲಿ ತಿಂದು ಪಕ್ಕದ ಹೊಲಕ್ಕೆ ಉಪಕಾರ ಮಾಡುತ್ತವೆ. ನೀರು ನಿಂತ ಗುಂಡಿಯಿದ್ದರೆ ಮಾತ್ರ ಮೇಲಂಚಿಗೆ ಒತ್ತಾಗಿ ಕತ್ತಾಳೆ, ಅದಕ್ಕೂ ಹೊರಗೆ ತಂತಿ ಬೇಲಿ ತಪ್ಪಬಾರದು.

ಹಿಡಿದಿದೆಯೋ ಇಲ್ಲವೋ ಎಂಬುದನ್ನು ದೂರದಿಂದ ನೋಡಿ ಹೇಳಬೇಡಿ. ಸೆಪ್ಟೆಂಬರ್ ಕೊನೆಗೆ ಖಣಿಯ ಮೂಲೆಯಿಂದ ಮೂಲೆಗೆ ನೂರು ಹೆಜ್ಜೆ ನಡೆಯಿರಿ. ಪ್ರತಿ ಹೆಜ್ಜೆಗೂ ಹೆಬ್ಬೆರಳ ತುದಿ ಸಸ್ಯದ ಮೇಲೆ ಬಿತ್ತೋ ಬರಿನೆಲದ ಮೇಲೋ ಎಂದು ಎಣಿಸಿ. ನೂರಕ್ಕೆ ಎಪ್ಪತ್ತು ಸಸ್ಯವಾದರೆ ಕೆಲಸ ಹಾದಿಗೆ ಬಂದಿದೆ. ಐವತ್ತಕ್ಕಿಂತ ಕಡಿಮೆಯಾದರೆ ಬೋಳು ಬಿದ್ದ ಕಡೆಗಳನ್ನು ಗುರುತಿಸಿ, ಅಲ್ಲಿ ಬೀಜ ಸೋತದ್ದೋ ನೆಲ ಸೋತದ್ದೋ ಎಂದು ಮತ್ತೆ ಕುಣಿ ತೋಡಿ ನೋಡಿ. ಮೂರನೇ ಮಳೆಗಾಲದಲ್ಲಿ, ಹುಲ್ಲಿನ ಬುಡಗಳ ನಡುವೆ ಕಪ್ಪನೆಯ ಸಣ್ಣಮಣ್ಣು ಕಾಣುವ ಜಾಗಗಳಲ್ಲಿ, ಬನ್ನಿ, ಬೇವು, ಹೊಂಗೆಗಳ ಬೀಜವನ್ನೇ ನೇರವಾಗಿ ಊರಬಹುದು. ಬೇವಿನ ಬೀಜ ಆರಿಸಿದ ಎರಡು ಮೂರು ವಾರದೊಳಗೆ ನೆಲ ಸೇರಬೇಕು, ಹಳತಾದರೆ ಮೊಳೆಯುವುದಿಲ್ಲ. ಹುಲ್ಲು ಕೊಯ್ಯುವಾಗ ನೆಲದಿಂದ ನಾಲ್ಕೈದು ಇಂಚು ಬಿಟ್ಟು ಕೊಯ್ಯಿರಿ, ಹತ್ತು ಮಾರಿಗೊಂದು ಪಟ್ಟಿಯನ್ನು ಬೀಜಕ್ಕೆಂದು ಮುಟ್ಟದೆ ಉಳಿಸಿ. ಆ ಪಟ್ಟಿಯಿಂದ ಸಿಕ್ಕ ಅಂಜನದ ಬೀಜವನ್ನು ತಕ್ಷಣ ಬಿತ್ತಿದರೆ ಮೊಳೆಯುವುದು ಕಡಿಮೆ. ಗೋಣಿಚೀಲದಲ್ಲಿ ಕಟ್ಟಿ, ಇಲಿ ಹೋಗದ ಕಡೆ, ಮುಂದಿನ ಮಿರಗದ ತನಕ ತೂಗುಹಾಕಿಡಿ.